ದೀಪಾವಳಿಯ ರಜೆಯೂ ಮಕ್ಕಳ ನಿಧಿಶೋಧವೂ

ಗುಜರಾತಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ಒಂದು ವಿಚಿತ್ರವಾದ ತೊಂದರೆಯುಂಟು. ನಮ್ಮ ನಾಡಿನ ಶಾಲೆಗಳಿಗೆ ಅಕ್ಟೋಬರಿನ ದೊಡ್ಡ ರಜೆ ಬರುವುದು ದಸರೆಗೆ. ಇಲ್ಲಿಯ ಶಾಲೆಗಳಿಗೆ ದೀಪಾವಳಿಗೆ. ಸುಮಾರು ಮೂರು ವಾರಗಳ ಬಿಡುವು ದೊರೆಯಿತೆಂದು ಮಕ್ಕಳನ್ನು ಧಾರವಾಡಕ್ಕೋ ಶಿವಮೊಗ್ಗಕ್ಕೋ ಕರೆದೊಯ್ದರೆ, ಅಲ್ಲಿಯ ಓರಗೆಯವರು ಹಬ್ಬ ಮುಗಿದೊಡನೆ ಪುಸ್ತಕದ ಚೀಲ ಹೊತ್ತು ಶಾಲೆಗೆ ಹೊರಟುಬಿಡುತ್ತಾರೆ. ರೈಲಿನಲ್ಲಿ ಸ್ಥಳ ದೊರೆಯುವುದೂ ಆ ದಿನಗಳಲ್ಲಿ ದುರ್ಲಭ. ಹೀಗಾಗಿ ಅಹಮದಾಬಾದು, ವಡೋದರಾ, ಸೂರತ್ತುಗಳ ನಮ್ಮ ಮನೆಗಳಲ್ಲಿ ಹೆಚ್ಚಿನ ಮಕ್ಕಳ ದೀಪಾವಳಿ ನಾಲ್ಕು ಗೋಡೆಗಳ ನಡುವೆಯೇ ಕಳೆಯುತ್ತದೆ. ಹಿರಿಯರು ಅಡುಗೆಯಲ್ಲಿ, ಪೂಜೆಯಲ್ಲಿ, ಅತಿಥಿಗಳ ಉಪಚಾರದಲ್ಲಿ ಮಗ್ನರು. ಮಕ್ಕಳ ಕೈಯಲ್ಲಿ ದೂರವಾಣಿಯ ಪರದೆ. ಇಲ್ಲವಾದರೆ ಹಾಡುಹಗಲಿನಲ್ಲಿಯೇ ಪಟಾಕಿ.

ಈ ಬಿಡುವನ್ನು ತುಂಬುವುದಕ್ಕೆ ನಾವು ಕೆಲವು ವರ್ಷಗಳಿಂದ ಮನೆಯೊಳಗೆ ನಿಧಿ ಹುಡುಕುವ ಆಟವನ್ನು ಏರ್ಪಡಿಸುತ್ತಿದ್ದೇವೆ. ಒಂದು ಚೀಟಿಯಿಂದ ಇನ್ನೊಂದು ಚೀಟಿಗೆ ದಾರಿ. ಕೊನೆಯ ಚೀಟಿ ಹೇಳಿದೆಡೆಯಲ್ಲಿ ನಿಧಿ. ಆಟವೇನೋ ಎಲ್ಲರೂ ಬಲ್ಲದ್ದೇ. ಆದರೆ ಚೀಟಿಗಳನ್ನೆಲ್ಲ ಕನ್ನಡದಲ್ಲಿಯೇ ಬರೆದೆವಾದ್ದರಿಂದ ಅದು ನಾವೆಣಿಸಿದ್ದಕ್ಕಿಂತ ಬೇರೆಯೇ ಆಗಿ ಪರಿಣಮಿಸಿತು. ಮನೆಯಲ್ಲಿ ನಿರರ್ಗಳವಾಗಿ ಕನ್ನಡವಾಡುವ ನಮ್ಮ ಒಂಬತ್ತು ವರ್ಷದ ಮಗಳಿಗೆ ಕನ್ನಡದ ಒಂದು ಸಾಲನ್ನು ಓದಲು ಬರುತ್ತಿರಲಿಲ್ಲ. ಅಕ್ಷರಮಾಲೆಯ ಪುಸ್ತಕವನ್ನು ಎದುರಿಗಿಟ್ಟು ಕುಳ್ಳಿರಿಸಿದಾಗಲೆಲ್ಲ ಅವಳಿಗೆ ತಲೆನೋವು ಬರುತ್ತಿತ್ತು. ನಿಧಿಯ ಚೀಟಿ ಕೈಗೆ ಬಂದಾಗ ಮಾತ್ರ ತಲೆನೋವಿನ ಸುಳಿವೇ ಇರಲಿಲ್ಲ!

ಆಟದ ಮೂಲಕ ಕಲಿಸುವ ಮಾತು ಗುಜರಾತಿಗೆ ಹೊಸದಲ್ಲ. 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿಯಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು ಮಕ್ಕಳಿಗೆ ಕಥೆ, ಆಟ, ಹಾಡುಗಳಿಂದಲೇ ವಿದ್ಯೆಯನ್ನು ಉಣಿಸಿದವರು. 'ಮೀಸೆಯುಳ್ಳ ತಾಯಿ' ಎಂದು ಈ ನಾಡಿನ ಜನ ಅವರನ್ನು ಪ್ರೀತಿಯಿಂದ ಕರೆದರು. ಅವರ 'ದಿವಾಸ್ವಪ್ನ'ವನ್ನು ಓದಿದ ತಂದೆತಾಯಿಯರಿಗೆ ನಮ್ಮ ಈ ಆಟ ಬಾಲಿಶವೆನಿಸಲಾರದು.

ಸಿದ್ಧತೆಯನ್ನು ಕೊನೆಯಿಂದ ಆರಂಭಿಸಬೇಕು. ಮೊದಲು ನಿಧಿಯ ಸ್ಥಾನವನ್ನು ಗೊತ್ತುಮಾಡಿ, ಅಲ್ಲಿಗೆ ಕಳುಹಿಸುವ ಚೀಟಿಯನ್ನು ಬರೆದು, ಅದನ್ನು ಎಲ್ಲಿ ಅಡಗಿಸುವುದೆಂದು ನಿಶ್ಚಯಿಸಿ, ಹೀಗೆ ಹಿಂದು ಹಿಂದಕ್ಕೆ ಬರಬೇಕು. ಚೀಟಿಯಲ್ಲಿ ಬರೆದಿರುವುದು ಮುಂದಿನ ಸ್ಥಳ, ಚೀಟಿ ಇರುವುದು ಬೇರೆ ಸ್ಥಳ. ಈ ಸರಳ ಸಂಗತಿಯನ್ನು ಮರೆತು ನಾವು ಮೊದಲ ವರ್ಷ ತುಳಸಿಯ ಚೀಟಿಯನ್ನು ತುಳಸಿಯ ಕುಂಡದಲ್ಲಿಯೇ ಇಟ್ಟಿದ್ದೆವು. ಆಟ ಅಲ್ಲಿಗೇ ನಿಂತುಹೋಯಿತು. ಚೀಟಿಗಳ ಬೆನ್ನಿಗೆ ಅಂಕೆ ಹಾಕಿ, ಯಾವುದು ಎಲ್ಲಿದೆಯೆಂಬ ಯಾದಿಯೊಂದನ್ನು ಹಿರಿಯರೊಬ್ಬರು ಜೇಬಿನಲ್ಲಿಟ್ಟುಕೊಳ್ಳುವುದು ಕ್ಷೇಮ. ಏಳು ಚೀಟಿಗಳು ಸಾಕು. ಹತ್ತನ್ನು ಮೀರಿದರೆ ಚಿಕ್ಕವರು ಅಳಲಾರಂಭಿಸುತ್ತಾರೆ.

ಚೀಟಿಯ ಭಾಷೆಯ ವಿಷಯದಲ್ಲಿ ಸ್ವಲ್ಪ ವಿವೇಚನೆ ಅಗತ್ಯ. ಗುಜರಾತಿ ಲಿಪಿ ಬಲ್ಲ ಮಗುವಿಗೆ ಕನ್ನಡ ಪೂರ್ತಿ ಅಪರಿಚಿತವೇನಲ್ಲ. ಎರಡು ಲಿಪಿಗಳಿಗೂ ನಾಗರಿಯ ತಲೆಗೆರೆಯಿಲ್ಲ. 'ಳ'ಕಾರ ಗುಜರಾತಿಯಲ್ಲಿಯೂ ಇದೆ. ತೊಡಕಾಗುವುದು ಎರಡು ಕಡೆ. ಗುಜರಾತಿ ಬರವಣಿಗೆಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವದೀರ್ಘ ಭೇದವಿಲ್ಲ. ಅಲ್ಲದೆ ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅವರದು ಹೆಚ್ಚಾಗಿ ಪಕ್ಕದಲ್ಲಿ ಕೂಡಿಕೊಳ್ಳುತ್ತದೆ. ಆದುದರಿಂದ ಮೊದಲ ವರ್ಷ ಹಣತೆ, ತುಳಸಿ, ಮಣೆ, ಚಾಪೆ, ಗಡಿಯಾರ ಮುಂತಾದ ಒತ್ತಿಲ್ಲದ ಪದಗಳನ್ನು ದಪ್ಪಕ್ಷರದಲ್ಲಿ ಬರೆಯುವುದು ಒಳ್ಳೆಯದು. ಅಕ್ಷರವರಿಯದ ಎಳೆಯರಿಗೆ ಚಿತ್ರ ಸಾಕು. ನಮ್ಮ ಐದು ವರ್ಷದ ಮಗನಿಗೆ ಚಿತ್ರ, ಮಗಳಿಗೆ ಮಾತು. ಇಬ್ಬರೂ ಕೂಡಿದರೆ ಮಾತ್ರ ಒಗಟು ಬಿಡುವಂತೆ ಹೊಂದಿಸಿದ್ದರಿಂದ ಜಗಳ ಅರ್ಧಕ್ಕಿಳಿಯಿತು.

ಒಗಟುಗಳನ್ನು ಹಬ್ಬದಿಂದಲೇ ಎತ್ತಿಕೊಳ್ಳಬೇಕು. 'ವರ್ಷವೆಲ್ಲ ಒಣಗಿ ಕೂತವಳು, ಇಂದು ಎಣ್ಣೆ ಕುಡಿದು ನಗುವಳು' ಎಂದರೆ ಹಣತೆ. 'ಹೊಟ್ಟೆ ತುಂಬ ನೀರು, ಕೊರಳ ತುಂಬ ಹೂವು' ಎಂದರೆ ನೀರು ತುಂಬುವ ಹಬ್ಬದ ಹಂಡೆ. ಈಗಿನ ಫ್ಲ್ಯಾಟುಗಳಲ್ಲಿ ತಾಮ್ರದ ಹಂಡೆಯೆಲ್ಲಿ ಬರಬೇಕು? ಸ್ನಾನದ ಮನೆಯ ಪ್ಲಾಸ್ಟಿಕ್ ಬಕೆಟ್ಟಿಗೇ ಚೆಂಡುಹೂವಿನ ಸರ ಕಟ್ಟಿದೆವು. ಹಂಡೆಯೆಂದರೇನು, ಅದರ ಕೆಳಗೆ ಒಲೆ ಹೇಗೆ ಉರಿಯುತ್ತಿತ್ತು, ನಸುಕಿನಲ್ಲಿ ಅಜ್ಜಿ ಎಣ್ಣೆ ಹಚ್ಚಿ ಮಣೆಯ ಮೇಲೆ ಹೇಗೆ ಕೂಡಿಸುತ್ತಿದ್ದಳು ಎಂಬ ಕಥೆಯೆಲ್ಲ ಆ ಒಂದು ಚೀಟಿಯ ನೆಪದಿಂದ ಹೊರಬಂದಿತು. ಮನೆಮನೆಗೂ ಇದು ಬೇರೆಯಾದೀತು. ಉತ್ತರ ಕರ್ನಾಟಕದವರಿಗೆ ಸಗಣಿಯ ಪಾಂಡವರು, ಕರಾವಳಿಯವರಿಗೆ ಬಲೀಂದ್ರನ ಪೂಜೆ, ಮೈಸೂರಿನವರಿಗೆ ಮತ್ತೊಂದು.

ಇಲ್ಲಿಯ ನೆಲದ ವಾಸನೆಯೂ ಆಟದಲ್ಲಿ ಇರಲಿ. ನಮ್ಮ ಬಲಿಪಾಡ್ಯಮಿಯ ದಿನವೇ ಗುಜರಾತಿಗಳಿಗೆ 'ಬೆಸ್ತು ವರಸ್', ಅಂದರೆ ಹೊಸ ವರ್ಷ. ಆ ನಸುಕಿನಲ್ಲಿ ಬೀದಿಯಲ್ಲಿ 'ಸಬರಸ್' ಎಂದು ಕೂಗುತ್ತ ಉಪ್ಪನ್ನು ಮಾರುವ ಹುಡುಗರ ದನಿಯನ್ನು ಕೇಳದವರಾರು? 'ಹೊಸ ವರ್ಷಕ್ಕೆ ಬೀದಿಯಲ್ಲಿ ಸಬರಸ್, ದಿನವೂ ನಮ್ಮಲ್ಲಿ ಊಟದ ಎಲೆಯ ತುದಿ' ಎಂದು ಬರೆದೆವು. ಮಗಳು ಕ್ಷಣಮಾತ್ರದಲ್ಲಿ ಉಪ್ಪಿನ ಭರಣಿಗೆ ಓಡಿದಳು.

ದಿನ ಮತ್ತು ವೇಳೆಯನ್ನೂ ಯೋಚಿಸಬೇಕು. ಬೆಸ್ತು ವರಸ್ಸಿನಂದು ಬಂದುಹೋಗುವವರ ಗದ್ದಲ. ನರಕ ಚತುರ್ದಶಿಯ ಸಂಜೆ ಐದರಿಂದ ಏಳು ಗಂಟೆ ನಮಗೆ ಅನುಕೂಲವೆನಿಸಿದೆ. ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ ಎಂಟರಿಂದ ಹತ್ತರವರೆಗಿನ ಮಿತಿಯನ್ನು ವಿಧಿಸಿತು. ಆ ಎಂಟು ಗಂಟೆಯವರೆಗೆ ಮಕ್ಕಳನ್ನು ತಡೆದು ನಿಲ್ಲಿಸುವುದೇ ಕಷ್ಟ. ಗದರಿಕೆಗಿಂತ ಈ ಆಟ ಹೆಚ್ಚು ಸಮರ್ಥವಾಗಿ ಅವರನ್ನು ಒಳಗೆ ಹಿಡಿದಿಡುತ್ತದೆ.

ಎಲ್ಲಿ ಅಡಗಿಸಬಾರದು ಎಂಬುದನ್ನು ಇನ್ನೂ ಎಚ್ಚರದಿಂದ ನಿರ್ಧರಿಸಬೇಕು. ಗ್ಯಾಸಿನ ಒಲೆ, ಸಿಲಿಂಡರು, ವಿದ್ಯುತ್ತಿನ ಗುಂಡಿಗಳು, ಔಷಧದ ಕಪಾಟು, ಬಾಲ್ಕನಿಯ ಕಟಕಟೆ, ಹೊತ್ತಿಸಿದ ದೀಪಗಳ ಸನಿಹ — ಇವೆಲ್ಲ ವರ್ಜ್ಯ. ಅಹಮದಾಬಾದಿನ ಹಳೆಯ ಪೋಳುಗಳ ಮನೆಗಳಲ್ಲಿ ನೆಲದಡಿಯ ಮಳೆನೀರಿನ 'ಟಾಂಕಾ' ಇರುವುದುಂಟು. ಅದರ ಮುಚ್ಚಳದ ಬಳಿಗೆ ಮಕ್ಕಳು ಸುಳಿಯಕೂಡದು. ಆಟಕ್ಕೆ ಬಳಸುವ ಹಣತೆಗಳು ಖಾಲಿಯಾಗಿರಲಿ. ಹಾಗೆಂದು ಬ್ಯಾಟರಿಯ ಹಣತೆಗಳನ್ನು ಕೊಡುವುದು ಇನ್ನೂ ಅಪಾಯ. ಅವುಗಳೊಳಗಿನ ಗುಂಡಿಯಾಕಾರದ ಚಿಕ್ಕ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಗಳೊಳಗೇ ಅನ್ನನಾಳ ಸುಡಬಹುದು. ನುಂಗಿದ ಸಂದೇಹ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಐದು ವರ್ಷದೊಳಗಿನವರ ಕೈಗೆ ಇಡೀ ಶೇಂಗಾ, ಬಾದಾಮಿಗಳನ್ನು ಬಹುಮಾನವಾಗಿ ಕೊಡಬಾರದು. ಓಡುತ್ತ ತಿನ್ನುವಾಗ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಎಷ್ಟು ಜಾಗರೂಕತೆಯಿಂದಿದ್ದರೂ ಬೆಂಕಿ ತಗುಲಿದರೆ, ಸುಟ್ಟ ಭಾಗವನ್ನು ಇಪ್ಪತ್ತು ನಿಮಿಷ ನಲ್ಲಿಯ ಹರಿಯುವ ತಣ್ಣೀರಿನಲ್ಲಿ ಹಿಡಿಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟು, ಶಾಯಿ, ಅರಿಸಿನ ಯಾವುದೂ ಬೇಡ. ಕಣ್ಣಿಗೆ ಕಿಡಿ ಬಿದ್ದರೆ ಉಜ್ಜದೆ ನೇತ್ರವೈದ್ಯರಲ್ಲಿಗೆ ಧಾವಿಸಬೇಕು. 108 ಎಂಬ ಸಂಖ್ಯೆ ಮಕ್ಕಳಿಗೂ ಬಾಯಿಪಾಠವಾಗಿರಲಿ.

ಇನ್ನು ನಿಧಿ ಏನಾಗಿರಬೇಕು? ಸಿಹಿಯಂತೂ ಬೇಡ. ನೆರೆಯವರು ಕಳುಹಿಸಿದ ಘೂಘರಾ, ಮಠಿಯಾ, ಚೋಳಾಫಳಿಗಳಿಂದ ಮಕ್ಕಳ ಹೊಟ್ಟೆ ಆಗಲೇ ಕೆಟ್ಟಿರುತ್ತದೆ. ಮೊದಲ ವರ್ಷ ಬಣ್ಣದ ಪೆಟ್ಟಿಗೆಯನ್ನಿಟ್ಟೆವು, ಎರಡನೆಯ ವರ್ಷ ಕಥೆಯ ಪುಸ್ತಕ. ಮೂರನೆಯ ವರ್ಷ ಧಾರವಾಡದಲ್ಲಿರುವ ಅಜ್ಜಿಗೆ ಮೊದಲೇ ತಿಳಿಸಿ ಅವಳ ಕೈಯಿಂದಲೇ ಮೊಮ್ಮಗಳ ಹೆಸರಿಗೆ ಒಂದು ಪತ್ರ ಬರೆಯಿಸಿ ತರಿಸಿದೆವು. ಅಜ್ಜಿಯ ಪತ್ರಗಳು ಮನೆಗೆ ಬರುತ್ತಲೇ ಇದ್ದವು. ಆದರೆ ಅವನ್ನು ಯಾವಾಗಲೂ ನಾವೇ ಓದಿ ಹೇಳುತ್ತಿದ್ದೆವು. ಅಂದು ಮಗಳು ಲಕೋಟೆ ಒಡೆದು, ಸಹಾಯಕ್ಕೆ ಹೋದ ನಮ್ಮನ್ನು ಕೈಯಿಂದ ದೂರ ಸರಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಕುಳಿತಳು. ಒಂದೂವರೆ ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಜ್ಜಿ ತನ್ನ ಕಣ್ಣಿನ ಪೊರೆಯ ಸಂಗತಿಯನ್ನು ಬರೆದಿದ್ದಳು. ನಮಗಾರಿಗೂ ತಿಳಿಸಿರದ ಮಾತು ಅದು. 'ಅಪ್ಪಾ, ಅಜ್ಜಿಗೆ ಸರಿಯಾಗಿ ಕಾಣಿಸುವುದಿಲ್ಲವಂತೆ' ಎಂದು ಮಗಳೇ ನಮಗೆ ಓದಿ ಹೇಳಿದಳು. ಆ ಮಾಘದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈಗ ಅಜ್ಜಿಯ ಅಕ್ಷರ ಮತ್ತೆ ಗುಂಡಾಗಿದೆ.

ಕಳೆದ ದೀಪಾವಳಿಯಲ್ಲಿ ಪಾತ್ರಗಳು ಅದಲುಬದಲಾದವು. ಅಡಗಿಸುವವರು ಮಕ್ಕಳು, ಹುಡುಕುವವರು ನಾವು. ಐದನೆಯ ಚೀಟಿಯಲ್ಲಿ 'ಬೆಳೆಯ ಕೆಳಗೆ ನೋಡಿರಿ' ಎಂದಿತ್ತು. ಬಾಲ್ಕನಿಯ ಕುಂಡಗಳನ್ನೆಲ್ಲ ಎತ್ತಿ, ಮೆಂತ್ಯದ ಸಸಿಗಳ ಮಣ್ಣನ್ನು ಕೆದಕಿ ಅರ್ಧ ಗಂಟೆ ಕಳೆದೆವು. ಮಕ್ಕಳಿಬ್ಬರೂ ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕಡೆಗೆ ರಾತ್ರಿಯ ಹುಳಿಗೆಂದು ಅವರ ತಾಯಿ ತೊಗರಿಬೇಳೆಯ ಡಬ್ಬಿಯನ್ನು ಎತ್ತಿದಾಗ ಅದರಡಿಯಲ್ಲಿ ಆರನೆಯ ಚೀಟಿ ದೊರೆಯಿತು.