ತೈಲದ ಒತ್ತಡ ತಪ್ಪಿದ ರೋಟರಿ ಎಂಜಿನ್ನಿನ ಹಾನಿಪರೀಕ್ಷೆ

ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿನ ಕುರಕುಂಭದಿಂದ ದೌಂಡ್ ದಾರಿ ಹಿಡಿದು ಉತ್ತರಕ್ಕೆ ಸಾಗಿದರೆ ಅಹಮದ್‌ನಗರ ಸಿಗುತ್ತದೆ. 2024ರಿಂದ ಅದರ ಹೆಸರು ಅಹಿಲ್ಯಾನಗರ. ಅಲ್ಲಿನ ವಾಹನ ಸಂಶೋಧನ ಮತ್ತು ಅಭಿವೃದ್ಧಿ ಸಂಸ್ಥೆಯು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಹಾಗೂ ವೈಮಾನಿಕ ಅಭಿವೃದ್ಧಿ ಸಂಸ್ಥೆಗಳೊಡನೆ ಕೂಡಿ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್, 2009ರ ಏಪ್ರಿಲ್‌ನಲ್ಲಿ ಕೋಲಾರದ ಬಳಿ 'ನಿಶಾಂತ್' ಎಂಬ ಚಾಲಕರಹಿತ ವಿಮಾನವನ್ನು 35 ನಿಮಿಷ ಹಾರಿಸಿತು. ತೂಕ ಸುಮಾರು 30 ಕಿಲೋ ಮಾತ್ರ. ಕನ್ನಡ ನೆಲದಲ್ಲಿ ಹಾರಿದ ಈ ಬಗೆಯ ಯಂತ್ರಕ್ಕೆ ಪೆಟ್ಟಾದಾಗ ಅದನ್ನು ಅರಿಯುವ ಬಗೆ ಹೇಗೆಂಬುದು ವಿಚಾರಾರ್ಹ.

'ರೋಟರಿ' ಎಂಬ ಹೆಸರು ಎರಡು ಯಂತ್ರಗಳಿಗೆ ಸಲ್ಲುತ್ತದೆ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ಸುತ್ತುತ್ತಿದ್ದವು. ಅವಕ್ಕೆ ಹರಳೆಣ್ಣೆಯೇ ಜೀವ. ಜರ್ಮನಿಯಲ್ಲಿ 1957ರಲ್ಲಿ ಮೊದಲು ಓಡಿದ ವಾಂಕೆಲ್ ಎಂಜಿನ್ನಿನಲ್ಲಾದರೋ ನಡು ಸಣ್ಣಗಾದ ಅಂಡಾಕಾರದ ಕೋಣೆಯೊಳಗೆ ಮುಮ್ಮೂಲೆಯ ರೋಟರ್ ಸುತ್ತುತ್ತದೆ. ರೋಟರಿನ ಒಂದು ಸುತ್ತಿಗೆ ಶಾಫ್ಟಿನದು ಮೂರು ಸುತ್ತು. ಮೂಲೆಗಳಲ್ಲಿ ಅಪೆಕ್ಸ್ ಸೀಲುಗಳು, ಪಕ್ಕಗಳಲ್ಲಿ ಸೈಡ್ ಸೀಲುಗಳು ಅನಿಲವನ್ನು ತಡೆಯುತ್ತವೆ.

ಚಿಕ್ಕ ಎಂಜಿನ್ನುಗಳು ಹಲವು ವೇಳೆ ಅಳತೆಯ ಎಣ್ಣೆಯನ್ನು ಒಳಗೆಳೆದು ಸುಟ್ಟುಬಿಡುತ್ತವೆ. ಪಂಪಿನ ಒತ್ತಡದಿಂದ ಎಣ್ಣೆ ಹರಿಸುವ, ಕಾರಿನ ಮೂಲದಿಂದ ಬಂದ ದೊಡ್ಡ ಎಂಜಿನ್ನುಗಳಲ್ಲಿ ಆ ಎಣ್ಣೆ ಬೇರಿಂಗುಗಳನ್ನು ತೇಲಿಸುವುದಲ್ಲದೆ ರೋಟರಿನ ಒಡಲನ್ನೂ ತಂಪಾಗಿಡುತ್ತದೆ. ಆದಕಾರಣ ಒತ್ತಡ ತಪ್ಪಿದರೆ ಮೊದಲ ಪೆಟ್ಟು ಸಾಮಾನ್ಯವಾಗಿ ಬೇರಿಂಗಿಗೆ.

ಎಂಜಿನ್ನನ್ನು ಮತ್ತೆ ಚಾಲೂ ಮಾಡಿ ನೋಡುವುದು ಸಹಜವಾದ ಆಸೆ. ಅದೇ ದೊಡ್ಡ ತಪ್ಪು. ಮೊದಲು ಎಣ್ಣೆಯ ಮಟ್ಟ ನೋಡಿ, ಒತ್ತಡಮಾಪಕವೇ ಸುಳ್ಳು ಹೇಳಿತೇ ಎಂದು ಪರೀಕ್ಷಿಸಬೇಕು. ಬಳಿಕ ಫಿಲ್ಟರನ್ನು ಕೊಯ್ದು ಮಡಿಕೆಗಳನ್ನು ಬಿಡಿಸಬೇಕು. ಅಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣ ಅಥವಾ ಉಕ್ಕಿನದು. ಅಂಟದೆ ಮಿನುಗುವ ಮೃದುವಾದ ಪದರಗಳು ಬೇರಿಂಗಿನವಾಗಿರುವ ಸಂಭವ ಹೆಚ್ಚು.

ಮುಂದಿನದು ಕಂಪ್ರೆಷನ್ ಪರೀಕ್ಷೆ. ರೋಟರಿನ ಮೂರು ಮುಖಗಳಿಗೂ ಪ್ರತ್ಯೇಕ ಅಂಕಿ ಬೇಕು. ಒಂದು ಅಪೆಕ್ಸ್ ಸೀಲು ಎರಡು ಮುಖಗಳ ನಡುವಿನ ಗಡಿಯಾದ್ದರಿಂದ, ಅದು ಕೆಟ್ಟರೆ ಎರಡು ಅಂಕಿಗಳು ಒಟ್ಟಿಗೆ ಇಳಿಯುತ್ತವೆ. ಒಂದೇ ಇಳಿದಿದ್ದರೆ ಸಂಶಯ ಸೈಡ್ ಸೀಲಿನ ಮೇಲೆ. ಎರಡು ಹಸ್ತಪ್ರತಿಗಳಲ್ಲಿ ಒಂದೇ ಸ್ಖಲಿತ ಕಂಡಾಗ ಅವುಗಳ ಸಮಾನ ಮೂಲವನ್ನು ಊಹಿಸುವ ಗ್ರಂಥಸಂಪಾದಕನಿಗೆ ಈ ತರ್ಕ ಹೊಸದಲ್ಲ. ಮೂರೂ ಇಳಿದಿದ್ದರೆ ಕೋಣೆಯ ಗೋಡೆಯೇ ಗೀರಿರಬಹುದು. ಕೋಲಾರದ ಎಂಜಿನ್ನಿಗೆ ನಿಕ್ಕಲ್–ಸಿಲಿಕಾನ್ ಕಾರ್ಬೈಡ್ ಲೇಪನವನ್ನು ಪ್ರಯೋಗಾಲಯವು ವಿಶೇಷವಾಗಿ ಸಿದ್ಧಪಡಿಸಬೇಕಾದುದು ಈ ಗೋಡೆಯ ಸವೆತದ ಸಲುವಾಗಿಯೇ.

ಆದರೆ ಮೂರು ಅಂಕಿಗಳೂ ಸಮನಾಗಿ ಚೆನ್ನಾಗಿದ್ದ ಮಾತ್ರಕ್ಕೆ ಎಂಜಿನ್ ನಿರಪಾಯವೆಂದು ಬಗೆಯಲಾಗದು. ಕಂಪ್ರೆಷನ್ ಸೀಲುಗಳ ಸಾಕ್ಷಿಯೇ ಹೊರತು ಬೇರಿಂಗಿನದಲ್ಲ. ಮೃದುವಾಗಿ ಓಡುವ ಎಂಜಿನ್ ಮುಂದಿನ ಹಾರಾಟದಲ್ಲಿ ಬಿಗಿದು ನಿಲ್ಲಬಹುದು. ಫಿಲ್ಟರಿನಲ್ಲಿ ಲೋಹ ಕಂಡಮೇಲೆ ಎಂಜಿನ್ನನ್ನು ಬಿಚ್ಚಲೇಬೇಕು: ಶಾಫ್ಟಿನ ಮೇಲೆ ಕಾವಿನ ನೀಲಿ ಛಾಯೆಯಿದೆಯೇ, ಬೇರಿಂಗಿನ ಮೇಲ್ಪದರ ಒರಸಿಹೋಗಿ ತಾಮ್ರವರ್ಣ ಇಣುಕಿದೆಯೇ ಎಂದು ನೋಡಿ ಸಡಿಲವನ್ನು ಅಳೆಯಬೇಕು. ಎಣ್ಣೆಯ ಕೂಲರು, ಕೊಳವೆಗಳೊಳಗೂ ಚೂರುಗಳು ಅಡಗಿರುತ್ತವೆ. ಹಳೆಯ ಕೂಲರನ್ನೇ ಮತ್ತೆ ಜೋಡಿಸಿದರೆ, ಹೊಸ ಬೇರಿಂಗೂ ಕೆಲವೇ ತಾಸುಗಳಲ್ಲಿ ಹಳೆಯದರ ಹಾದಿ ಹಿಡಿಯಬಹುದು.