ಗಾಡಿ ಬಿಡಿಸಲು ಒಂದು ಕಾಗದ, ಲೈಸೆನ್ಸ್ ಬಿಡಿಸಲು ಇನ್ನೊಂದು!

ದಾವಣಗೆರೆ: "ಇನ್ಶೂರೆನ್ಸ್ ಕಟ್ಟೀನಲ್ರೀ ಸಾಹೇಬ್ರೆ, ಮತ್ತೇನು ತಕರಾರು?" ಲೈಸೆನ್ಸ್ ಕಳಕೊಂಡ ಸವಾರರ ಬಾಯಲ್ಲಿ ಮೊದಲು ಬರುವ ಮಾತು ಇದೇ. ವಿಮೆಯ ಕಾಗದವೊಂದು ಜೇಬಿನಲ್ಲಿದ್ದರೆ ಎಲ್ಲ ಬಾಗಿಲೂ ತೆರೆಯುತ್ತವೆ ಎಂಬ ನಂಬಿಕೆ ದಾವಣಗೆರೆಯಲ್ಲೂ ಇದೆ, ಹರಿಹರದಲ್ಲೂ ಇದೆ. ಕಾನೂನಿನ ಲೆಕ್ಕವೇ ಬೇರೆ. ಅಪಘಾತ ಮಾಡಿದ ಗಾಡಿ ವಾಪಸ್ ಬರಬೇಕಾದರೆ ವಿಮೆ ತೋರಿಸಬೇಕು. ಅಮಾನತಾದ ಲೈಸೆನ್ಸ್ ವಾಪಸ್ ಬರಬೇಕಾದರೆ ಮರುತರಬೇತಿ ಮುಗಿಸಬೇಕು. ಒಂದಿದ್ದು ಇನ್ನೊಂದಿಲ್ಲದೆ ರಸ್ತೆಗಿಳಿದವನು ತನ್ನ ಮನೆಮಠವನ್ನೇ ಪಣಕ್ಕಿಟ್ಟಂತೆ.

ಲೈಸೆನ್ಸ್ ಹೋಗುವುದು ಹೇಗೆ?

ಕುಡಿದು ಓಡಿಸಿದರೆ, ಅತಿವೇಗದಲ್ಲಿ ಹೋದರೆ, ರಸ್ತೆಯಲ್ಲಿ ರೇಸ್ ಕಟ್ಟಿದರೆ ಲೈಸೆನ್ಸ್ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಹೆಲ್ಮೆಟ್ ಇಲ್ಲದ ಸವಾರಿ, ಬೈಕ್ ಮೇಲೆ ಮೂವರ ಮೆರವಣಿಗೆ, ಆಂಬುಲೆನ್ಸಿಗೆ ದಾರಿ ಬಿಡದಿರುವುದು ಇವೂ ಅದೇ ಪಟ್ಟಿಗೆ ಸೇರಿವೆ. ಕೆಂಪು ದೀಪ ದಾಟುವುದು, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದು ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಬರುತ್ತವೆ.

ಪೊಲೀಸರು ಲೈಸೆನ್ಸ್ ಹಿಡಿದು ಆರ್.ಟಿ.ಓ. ಕಚೇರಿಗೆ ಕಳಿಸುತ್ತಾರೆ; ಸವಾರನ ಕೈಗೆ ಒಂದು ಚೀಟಿ ಕೊಡುತ್ತಾರೆ. ಅನೇಕರು ಎಡವುವುದು ಇಲ್ಲೇ. "ಚೀಟಿ ಇದೆಯಲ್ಲ, ಓಡಿಸಬಹುದು" ಅಂದುಕೊಳ್ಳುತ್ತಾರೆ. ಓಡಿಸುವಂತಿಲ್ಲ! ಇಂಥ ಅಪರಾಧಕ್ಕೆ ಹಿಡಿದ ಲೈಸೆನ್ಸಿಗೆ ಕೊಟ್ಟ ಚೀಟಿ ಬರೀ ರಸೀದಿ, ಅದು ಪರವಾನಗಿ ಅಲ್ಲ ಎಂದು ಕಾಯಿದೆಯೇ ಸ್ಪಷ್ಟವಾಗಿ ಹೇಳುತ್ತದೆ.

ಆರ್.ಟಿ.ಓ. ಅಧಿಕಾರಿ ಸವಾರನ ಮಾತನ್ನೂ ಕೇಳಬೇಕು. ಸಮಾಧಾನವಾದರೆ ಬಿಟ್ಟುಬಿಡಬಹುದು. ಇಲ್ಲವಾದರೆ ಮೊದಲ ತಪ್ಪಿಗೆ ಮೂರು ತಿಂಗಳು ಅಮಾನತು, ಎರಡನೇ ಸಲಕ್ಕೆ ಲೈಸೆನ್ಸೇ ರದ್ದು. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಮೂರು ತಿಂಗಳು ಕಳೆಯಿತೆಂದು ಲೈಸೆನ್ಸ್ ತಾನಾಗಿ ಮನೆಗೆ ಬರುವುದಿಲ್ಲ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮರುತರಬೇತಿ ಮುಗಿಸಿದವನಿಗೇ ವಾಪಸ್ ಎಂಬುದು ಈಗಿನ ನಿಯಮ.

ಹೊಳೆ ದಾಟಿದರೂ ಬಿಡದು

ಹರಿಹರದಿಂದ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ, ಅಲ್ಲಿಂದ ಹಾವೇರಿ ಜಿಲ್ಲೆ. ದಿನಾ ಕಾರ್ಖಾನೆ ಕೆಲಸಕ್ಕೆ ಅತ್ತಿಂದಿತ್ತ ಓಡಾಡುವವರು ಬಹಳ. "ಅಮಾನತು ಮಾಡಿದ್ದು ದಾವಣಗೆರೆಯವರು, ಆಚೆ ದಡದಲ್ಲಿ ಯಾರು ಕೇಳ್ತಾರೆ?" ಎಂಬ ಲೆಕ್ಕಾಚಾರ ನಡೆಯದು. ಅಮಾನತು ಇಡೀ ದೇಶಕ್ಕೆ ಅನ್ವಯ, ದಾಖಲೆ ಕಂಪ್ಯೂಟರಿನಲ್ಲಿ. ಅಮಾನತಿನ ಅವಧಿಯಲ್ಲಿ ಓಡಿಸಿ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೆ 10,000 ರೂ. ದಂಡ, ಅಥವಾ ಎರಡೂ.

ಅಂಗಡಿ ಯಜಮಾನರೇ, ಇದು ನಿಮಗೆ

ಮಂಡಿಪೇಟೆಯ ಒಂದು ಕಿರಾಣಿ ಅಂಗಡಿ ಎಂದಿಟ್ಟುಕೊಳ್ಳಿ. ಅಂಗಡಿಯ ಹುಡುಗನ ಲೈಸೆನ್ಸ್ ಅಮಾನತಾಗಿದೆ. ಯಜಮಾನರಿಗೆ ವಿಷಯ ಗೊತ್ತು. "ಇಲ್ಲೇ ಪಕ್ಕದ ಬೀದಿಗೆ ತಾನೆ, ಹೋಗಿ ಬಾರೋ" ಎಂದು ಅಕ್ಕಿ ಮೂಟೆ ಹೇರಿ ಮೊಪೆಡ್ ಕೊಟ್ಟು ಕಳಿಸುತ್ತಾರೆ. ದಾರಿಯಲ್ಲಿ ಒಬ್ಬ ಮುದುಕಿಗೆ ಗಾಡಿ ಬಡಿಯುತ್ತದೆ, ಆಕೆಯ ಕಾಲು ಮುರಿಯುತ್ತದೆ. ಪಾಲಿಸಿ ಚಾಲ್ತಿಯಲ್ಲಿದೆ, ಕಂತು ಕಟ್ಟಿಯಾಗಿದೆ. ಇನ್ನೇನು ಭಯ?

ಭಯ ಇರುವುದೇ ಇಲ್ಲಿ. ಲೈಸೆನ್ಸ್ ಅಮಾನತಾದವನು ಓಡಿಸುತ್ತಿದ್ದ, ಅದು ಮಾಲೀಕನಿಗೆ ತಿಳಿದಿತ್ತು ಎಂದು ವಿಮಾ ಕಂಪನಿ ತೋರಿಸಿಕೊಟ್ಟರೆ ನ್ಯಾಯಮಂಡಳಿ ಹೀಗೆ ಆದೇಶಿಸಬಹುದು: ಕಂಪನಿ ಮೊದಲು ಗಾಯಾಳುವಿಗೆ ಪರಿಹಾರ ಕೊಡಲಿ, ಆಮೇಲೆ ಅಷ್ಟನ್ನೂ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಹಾದಿಯನ್ನು ವಿವರಿಸಿದೆ. ಕುಡಿದು ಓಡಿಸಿದ್ದನ್ನೂ ಕಂಪನಿಯ ಆಕ್ಷೇಪಣೆಗೆ ಆಧಾರವೆಂದು 2019ರ ತಿದ್ದುಪಡಿ ಸೇರಿಸಿದೆ. ಇದರ ಮೇಲೆ, ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟ ತಪ್ಪಿಗೆ ಯಜಮಾನರಿಗೆ 5,000 ರೂ. ದಂಡ, ಇಲ್ಲವೆ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಪಕ್ಕದ ಬೀದಿಯ ಒಂದು ಮೂಟೆ ಅಕ್ಕಿ ಎಷ್ಟು ದುಬಾರಿಯಾಯಿತು ನೋಡಿ!

ಬಸ್ಸಿನವನಿಗೇನು ಸಂಬಂಧ?

ಸಂಬಂಧ ಇರುವುದೇ ಅವನಿಗೆ. ಮಾಲೀಕ ಒಂದನೆಯವನು, ಕಂಪನಿ ಎರಡನೆಯವನು. 'ಥರ್ಡ್ ಪಾರ್ಟಿ' ಅಂದರೆ ಬಸ್ಸಿಳಿದು ರಸ್ತೆ ದಾಟುವ ಮನುಷ್ಯ. ಅವನ ರಕ್ಷಣೆಗೆಂದೇ ಈ ವಿಮೆ ನಮ್ಮ ದೇಶದಲ್ಲಿ 1946ರ ಜುಲೈ 1ರಿಂದ ಕಡ್ಡಾಯವಾಗಿದೆ. ವಿಮೆಯೇ ಇಲ್ಲದ ಗಾಡಿ ಬಡಿದರೆ ಕೋರ್ಟು ಪರಿಹಾರ ಬರೆದೀತು, ಆದರೆ ಕೊಡುವ ಕೈ ಖಾಲಿ ಇದ್ದರೆ ಏನು ಬಂದೀತು?

ಆದ್ದರಿಂದಲೇ ನಿಯಮ ಬಿಗಿಯಾಗಿದೆ. ಸಾವು ನೋವಿಗೆ ಕಾರಣವಾದ ಗಾಡಿಗೆ ವಿಮೆ ಇಲ್ಲದಿದ್ದರೆ, ಪರಿಹಾರಕ್ಕೆ ಸಾಕಷ್ಟು ಭದ್ರತೆ ಕೊಡುವ ತನಕ ಕೋರ್ಟು ಅದನ್ನು ಬಿಡುವುದಿಲ್ಲ. ಕೊಡದಿದ್ದರೆ ಗಾಡಿ ಹರಾಜಾಗಿ ಹಣ ನ್ಯಾಯಮಂಡಳಿ ಸೇರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಇಂಥ ನಿಯಮ ಮಾಡಲು ಹೇಳಿತು. ಅಪಘಾತ ಆಗದಿದ್ದರೂ, ವಿಮೆ ಇಲ್ಲದ ಓಡಾಟಕ್ಕೆ ಕಾಯಿದೆಯಲ್ಲಿ ಮೊದಲ ಸಲ 2,000 ರೂ., ಮತ್ತೆ ಸಿಕ್ಕರೆ 4,000 ರೂ. ದಂಡವಿದೆ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ.

ಅಮೆರಿಕದಲ್ಲಿ ಈ ಎರಡು ಬಾಗಿಲನ್ನು ಒಂದೇ ಮಾಡಿದ್ದಾರೆ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಕುಡಿದು ಓಡಿಸಿಯೋ, ವಿಮೆ ಇಲ್ಲದೆ ಓಡಿಸಿಯೋ ಲೈಸೆನ್ಸ್ ಕಳಕೊಂಡವನ ಪರವಾಗಿ ವಿಮಾ ಕಂಪನಿಯೇ 'ಎಸ್.ಆರ್.-22' ಎಂಬ ಪ್ರಮಾಣಪತ್ರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಸಾಮಾನ್ಯವಾಗಿ ಮೂರು ವರ್ಷ ಅದು ಚಾಲ್ತಿಯಲ್ಲಿರಬೇಕು; ನಡುವೆ ವಿಮೆ ತಪ್ಪಿದರೆ ಕಂಪನಿಯೇ ಸರ್ಕಾರಕ್ಕೆ ತಿಳಿಸುತ್ತದೆ, ಲೈಸೆನ್ಸ್ ಮತ್ತೆ ಅಮಾನತು. ನಮ್ಮಲ್ಲಿ ಹಾಗಿಲ್ಲ. ನಮ್ಮವರು ಎರಡು ಕಾಗದವನ್ನೂ ತಾವೇ ನೋಡಿಕೊಳ್ಳಬೇಕು.

ಇಂದೇ ನೋಡಿಕೊಳ್ಳಿ

2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಶೋರೂಮಿನಲ್ಲಿ ಕಟ್ಟಿದ್ದನ್ನೇ ನೆಚ್ಚಿಕೊಂಡು ಅವಧಿ ಮುಗಿದಿದ್ದನ್ನು ಮರೆತವರಿದ್ದಾರೆ. ಪಾಲಿಸಿಯಲ್ಲಿ ಮುಗಿಯುವ ದಿನ, ಗಾಡಿ ನಂಬರು, ಚಾಸಿ ನಂಬರು ಮೂರನ್ನೂ ಆರ್.ಸಿ. ಜೊತೆ ತಾಳೆ ನೋಡಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ವರ್ಗಾವಣೆಯಾದ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಪಾಲಿಸಿಯ ಮೇಲೆ ಗಂಟೆಯೂ ನಮೂದಾಗಿರುತ್ತದೆ. ಬೆಳಗ್ಗೆ ಅಪಘಾತ ಮಾಡಿ ಮಧ್ಯಾಹ್ನ ವಿಮೆ ಮಾಡಿಸಿದರೆ ಪ್ರಯೋಜನವಿಲ್ಲ.

ಕಾಗದ ಮನೆಯಲ್ಲೇ ಉಳಿದರೆ ಗಾಬರಿ ಬೇಡ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದರೂ ನಡೆಯುತ್ತದೆ ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಅಂಗಡಿ ಗಾಡಿಯ ಕೀಲಿ ಕೊಡುವ ಮುನ್ನ ಹುಡುಗನ ಲೈಸೆನ್ಸನ್ನೂ ಅಲ್ಲೇ ನೋಡಬಹುದು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಲೈಸೆನ್ಸ್ ಅಮಾನತಾದವನು ಬಸ್ಸಿನಲ್ಲಿ ಓಡಾಡಿದರೆ ಹೋಗುವುದು ಮೂರು ತಿಂಗಳ ಬಸ್ ಚಾರ್ಜು. ಕದ್ದು ಓಡಿಸಿ ಯಾರಿಗಾದರೂ ಬಡಿದರೆ ಹೋಗುವುದು ಹೊಲ, ಮನೆ, ಅಂಗಡಿ.