ಆಟವು ಶಿಕ್ಷಣವಾಗುವುದು ಯಾವಾಗ?

ಸಿಂಧನೂರಿನಿಂದ ಬಂದ ತಾಯಿಯೊಬ್ಬರು ಕಳೆದ ಪಾಲಕರ ಸಭೆಯಲ್ಲಿ ನನ್ನನ್ನು ಹೀಗೆ ಕೇಳಿದರು: “ಮಗಳು ಮೊಬೈಲಿನಲ್ಲಿ ಯುದ್ಧದ ಆಟವನ್ನೇ ಆಡುತ್ತಾಳೆ. ಬೈದರೆ, ಸೈನಿಕರೂ ಹೀಗೆಯೇ ಕಲಿಯುತ್ತಾರೆ ಎನ್ನುತ್ತಾಳೆ. ಇದು ನಿಜವೇ?” ಲಿಂಗಸುಗೂರು, ಮಸ್ಕಿಗಳ ಪಾಲಕರಿಗೂ ಇದೇ ಸಂದೇಹವಿರುವುದರಿಂದ ಇಲ್ಲಿ ಉತ್ತರವನ್ನು ಬರೆಯುತ್ತೇನೆ.

ಹುಡುಗಿಯ ಮಾತು ಸುಳ್ಳಲ್ಲ. ನಮ್ಮ ಚದುರಂಗವೇ ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೈನ್ಯದಿಂದ ಹೆಸರು ಪಡೆಯಿತು. 1824ರಲ್ಲಿ ಪ್ರಷ್ಯಾ ದೇಶದ ಸೇನಾಧಿಕಾರಿಯಾದ ರೈಸ್‌ವಿಟ್ಸ್ ಎಂಬವನು ಭೂಪಟದ ಮೇಲೆ ಆಡುವ ಯುದ್ಧದಾಟವನ್ನು ಪ್ರಕಟಿಸಿದನು. ಅಧಿಕಾರಿಗಳು ಅದರಿಂದ ವ್ಯೂಹರಚನೆಯನ್ನು ಅಭ್ಯಾಸ ಮಾಡಿದರು. 1996ರ ಸುಮಾರಿಗೆ ಅಮೇರಿಕದ ಮರೀನ್ ದಳದವರು ಡೂಮ್ ಎಂಬ ವೀಡಿಯೋ ಆಟದೊಳಗಿನ ಭೂತಗಳನ್ನು ತೆಗೆದು, ಮನುಷ್ಯರೂಪದ ಶತ್ರುಗಳನ್ನಿಟ್ಟು, ನಾಲ್ವರು ಸೈನಿಕರು ಒಬ್ಬರಿಗೊಬ್ಬರು ಕಾವಲಾಗಿ ಮುನ್ನಡೆಯುವುದನ್ನು ಅದರಿಂದ ಕಲಿಸಿದರು.

ನಮ್ಮ ಬೀದರದಲ್ಲಿಯೂ ಇಂಥ ಶಿಕ್ಷಣವುಂಟು. ಅಲ್ಲಿನ ವಾಯುಸೇನಾ ನೆಲೆಯಲ್ಲಿ ಹಾಕ್ ವಿಮಾನವನ್ನು ಕಲಿಯುವವರು ಸಿಮ್ಯುಲೇಟರ್ ಎಂಬ ಅನುಕರಣ ಯಂತ್ರದಲ್ಲಿಯೂ ಅಭ್ಯಾಸ ಮಾಡುತ್ತಾರೆ. 2016ರಲ್ಲಿ ವಾಯುಸೇನೆಯ ಅಧಿಕಾರಿಗಳಾದ, ನಮ್ಮ ದೇಶದ ಮೊದಲ ಮೂವರು ಯುದ್ಧವಿಮಾನ ಚಾಲಕಿಯರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಇವರು ಹಾಕ್ ವಿಮಾನವನ್ನು ಕಲಿತದ್ದು ಬೀದರದಲ್ಲಿಯೇ.

ಹಾಗಾದರೆ ವ್ಯತ್ಯಾಸವೇನು? ಅನುಕರಣ ಯಂತ್ರದಲ್ಲಿ ಶಿಕ್ಷಕನು ಬೇಕೆಂದೇ ಇಂಜಿನನ್ನು ಕೆಡಿಸಿದಂತೆ ತೋರಿಸಬಲ್ಲನು. ಶಿಷ್ಯರು ಪ್ರಾಣಾಪಾಯವಿಲ್ಲದೆ ತಪ್ಪುಮಾಡಿ ತಿದ್ದಿಕೊಳ್ಳಬಹುದು. ಅಭ್ಯಾಸ ಮುಗಿದ ಬಳಿಕ ಅವರನ್ನು ಕೂಡಿಸಿಕೊಂಡು, ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ವಿಚಾರಿಸುವುದುಂಟು. ಆಟವನ್ನು ಶಿಕ್ಷಣವನ್ನಾಗಿ ಮಾಡತಕ್ಕದ್ದು ಈ ವಿಚಾರಣೆಯೇ. ಮೊಬೈಲಿನಲ್ಲಾದರೋ ಸತ್ತವನು ಮರುಕ್ಷಣವೇ ಎದ್ದು ನಿಲ್ಲುತ್ತಾನೆ, ಲೆಕ್ಕ ಕೇಳುವವರಿಲ್ಲ.

ಲೆಕ್ಕ ಕೇಳಿಕೊಂಡ ಅರಸನೊಬ್ಬನ ಹೆಸರು ನಮ್ಮ ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಆ ಶಾಸನವು ದೊರೆತ ಮೇಲೆ, ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಸ್ಥಿರಪಟ್ಟಿತು. ಕಳಿಂಗವನ್ನು ಗೆದ್ದ ಆತನು, 1,50,000 ಜನರು ಸೆರೆಹೋದರು, 1,00,000 ಜನರು ಹತರಾದರು ಎಂದು ಬೇರೊಂದು ಶಾಸನದಲ್ಲಿ ತಾನೇ ಕೆತ್ತಿಸಿ ಪಶ್ಚಾತ್ತಾಪಪಟ್ಟನು. ಸತ್ತವರನ್ನು ಮತ್ತೆ ಎಬ್ಬಿಸುವ ಉಪಾಯವು ಆತನಿಗಿರಲಿಲ್ಲ.

ಆದಕಾರಣ ತಾಯಂದಿರೇ, ಮಗಳ ಕೈಯಿಂದ ಮೊಬೈಲನ್ನು ಕಸಿಯುವ ಮೊದಲು ಅವಳ ಬಳಿಯಲ್ಲಿ ಕುಳಿತು, “ಎಲ್ಲಿ ತಪ್ಪಿದೆ? ಗುಂಡು ಹಾರಿಸದೆ ನಿಲ್ಲಬೇಕಾದದ್ದು ಎಲ್ಲಿ?” ಎಂದು ಕೇಳಿರಿ. ಇದಕ್ಕೆ ಉತ್ತರ ಹೇಳಬಲ್ಲ ಮಗಳು ಮುಂದೊಂದು ದಿನ ಬೀದರಕ್ಕೂ ಹೋಗಬಲ್ಲಳು.